ಅಭಿನೇತ್ರಿಯ ರಾಷ್ಟ್ರಪ್ರಶಸ್ತಿ ಮತ್ತು ಕಿರುತೆರೆ

1824ರಲ್ಲಿ ಕಿತ್ತೂರಿನಲ್ಲಿ ಆಂಗ್ಲರ ಸೈನ್ಯವನ್ನೆದುರಿಸಿ, ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿದ್ದು, 1829ರಲ್ಲಿ ಕಾಲವಶಳಾದ ರಾಣಿ ಚೆನ್ನಮ್ಮನ ಸಮಾಧಿಯು ನಮ್ಮೂರಿನಲ್ಲಿಯೇ ಇದೆ. ಆಕೆಯ ಚರಿತ್ರೆಯನ್ನು ಬಿ. ಆರ್. ಪಂತುಲು ಅವರು 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ ಎಂಬ ಚಿತ್ರವಾಗಿ ತೆರೆಗೆ ತಂದರು. ಮಲ್ಲಸರ್ಜ ದೇಸಾಯಿಯಾಗಿ ರಾಜಕುಮಾರ್, ಚೆನ್ನಮ್ಮನಾಗಿ ಬಿ. ಸರೋಜಾದೇವಿ. ರಾಣಿಯೆಂದೊಡನೆ ಈ ಭಾಗದ ಹಿರಿಯರ ಕಣ್ಣೆದುರು ಇಂದಿಗೂ ನಿಲ್ಲುವುದು ಆ ಮುಖವೇ. ಅಂತಹ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಏಕೆ ಸಲ್ಲಲಿಲ್ಲವೆಂದು ವಿದ್ಯಾರ್ಥಿಗಳು ಕೇಳುವುದುಂಟು. ಉತ್ತರ ಸರಳವಾದುದು: ಆಗ ಅಂತಹ ಪ್ರಶಸ್ತಿಯೇ ಇರಲಿಲ್ಲ.

ಚಲನಚಿತ್ರಗಳಿಗೆ ರಾಷ್ಟ್ರೀಯ ಪ್ರಶಸ್ತಿ ನೀಡುವ ಪದ್ಧತಿ 1954ರಲ್ಲಿ ಆರಂಭವಾಯಿತಾದರೂ ನಟನಟಿಯರು ಅದರ ಪರಿಧಿಯೊಳಗೆ ಬಂದದ್ದು 1967ರ ಸಾಲಿನ ಚಿತ್ರಗಳಿಂದ. ‘ರಾತ್ ಔರ್ ದಿನ್’ ಚಿತ್ರದ ಅಭಿನಯಕ್ಕಾಗಿ ನರ್ಗಿಸ್ ಮೊದಲ ಪುರಸ್ಕೃತೆಯಾದರು. ‘ಊರ್ವಶಿ’ ಎಂಬುದು ಆಗ ಆ ಪ್ರಶಸ್ತಿಗಿದ್ದ ಹೆಸರು. 2025ರಲ್ಲಿ ನಿಧನರಾದ ಸರೋಜಾದೇವಿಯವರಿಗೆ 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಗೌರವಗಳು ಸಂದುವೆಂಬುದೇ ಸಮಾಧಾನ.

ಕನ್ನಡ ಚಿತ್ರಗಳ ಪಾತ್ರಗಳಿಂದ ಈ ಮನ್ನಣೆ ಪಡೆದವರು ವಿರಳ. ಗಿರೀಶ ಕಾರ್ನಾಡರ ‘ಕಾಡು’ ಚಿತ್ರಕ್ಕಾಗಿ 1973ರ ಸಾಲಿನಲ್ಲಿ ನಂದಿನಿ ಭಕ್ತವತ್ಸಲ. ಬಾನು ಮುಷ್ತಾಕ್ ಅವರ ಕಥೆಯನ್ನಾಧರಿಸಿದ ‘ಹಸೀನಾ’ ಚಿತ್ರಕ್ಕಾಗಿ 2004ರಲ್ಲಿ ತಾರಾ. ವೈದೇಹಿಯವರ ಕಥೆಯಿಂದ ರೂಪುಗೊಂಡ ‘ಗುಲಾಬಿ ಟಾಕೀಸ್’ ಚಿತ್ರಕ್ಕಾಗಿ 2007ರಲ್ಲಿ ಉಮಾಶ್ರೀ. ಕೊನೆಯ ಎರಡೂ ಗಿರೀಶ ಕಾಸರವಳ್ಳಿಯವರ ಕೃತಿಗಳು.

ಇದೇ ಕಾಸರವಳ್ಳಿಯವರು ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ದೂರದರ್ಶನದ ತೆರೆಗೆ ಧಾರಾವಾಹಿಯಾಗಿ ಅಳವಡಿಸಿದರು. ಮಾಳವಿಕಾ ಅವಿನಾಶ್ ಅದರಲ್ಲಿ ನಂಜಮ್ಮ. ಅವಿವೇಕಿ ಗಂಡ, ಬಾಯಿಬಡುಕಿ ಅತ್ತೆ, ಬಡತನ, ಪ್ಲೇಗು ಇವೆಲ್ಲವುಗಳ ನಡುವೆ ಮನೆಯನ್ನು ಎತ್ತಿ ನಿಲ್ಲಿಸಲು ಹೆಣಗುವ ಹೆಣ್ಣಿನ ಪಾತ್ರವದು. ಎರಡು ತಾಸಿನ ಚಿತ್ರದಲ್ಲಿ ಒಂದು ಉತ್ಕಟ ಸನ್ನಿವೇಶವು ನಟಿಯನ್ನು ದಡ ಸೇರಿಸಬಹುದು. ಧಾರಾವಾಹಿಯಲ್ಲಿ ಹಾಗಲ್ಲ, ನಂಜಮ್ಮ ದಿನದಿನಕ್ಕೆ ಕಿಂಚಿತ್ತಾಗಿ ದಣಿಯಬೇಕು, ಆ ದಣಿವು ಕಂತಿನಿಂದ ಕಂತಿಗೆ ತಪ್ಪದೆ ಮುಂದುವರಿಯಬೇಕು. ನನ್ನ ಮಟ್ಟಿಗೆ ಇದು ಹೆಚ್ಚು ಕಠಿಣವಾದ ಸಾಧನೆ. ಆದರೆ ನಿರ್ದೇಶಕರೊಬ್ಬರೇ ಆದರೂ ತಾರಾ ಅವರಿಗೆ ತೆರೆದ ಬಾಗಿಲು ಮಾಳವಿಕಾ ಅವರಿಗೆ ತೆರೆಯುವಂತಿರಲಿಲ್ಲ. ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರವಿರುವ ಚಿತ್ರಗಳು ಮಾತ್ರ ಈ ಸ್ಪರ್ಧೆಗೆ ಅರ್ಹ. ಮನೆಮನೆಯ ತೆರೆಗೆಂದೇ ತಯಾರಾದ ಧಾರಾವಾಹಿಗಳು ಆ ದಾರಿಯಲ್ಲಿ ಸಾಗುವುದಿಲ್ಲ.

ಅಪವಾದವೊಂದುಂಟು. ಗೋವಿಂದ ನಿಹಲಾನಿಯವರ ‘ತಮಸ್’ 1988ರಲ್ಲಿ ದೂರದರ್ಶನದಲ್ಲಿ ಕಂತುಗಳಾಗಿ ಪ್ರಸಾರವಾದ ಕೃತಿ; ಅದರ ಅಭಿನಯಕ್ಕಾಗಿ ಸುರೇಖಾ ಸಿಕ್ರಿ ರಾಷ್ಟ್ರಪ್ರಶಸ್ತಿ ಪಡೆದರು. ಅದಾದರೂ ಪೋಷಕ ನಟಿಗೆ ಸಂದದ್ದು, ನಾಯಕಿಗಲ್ಲ. ಅಮೆರಿಕದ ಎಮ್ಮಿ ಪ್ರಶಸ್ತಿಗಳಲ್ಲಿ ದೂರದರ್ಶನ ಚಿತ್ರ ಮತ್ತು ಕಿರುಧಾರಾವಾಹಿಗಳ ನಾಯಕಿಗೆಂದೇ ಪ್ರತ್ಯೇಕ ವಿಭಾಗವಿದೆ. ನಮ್ಮಲ್ಲಿಯೂ ಸರ್ಕಾರವು ಅಂತಹದೊಂದನ್ನು ಸ್ಥಾಪಿಸುವುದು ನ್ಯಾಯವೆಂದು ತೋರುತ್ತದೆ. ದಿನನಿತ್ಯ ಎಳೆದಾಡುವ ಕಥೆಗಳಿಗೆಲ್ಲ ಪದಕ ಹಂಚಬೇಕೆಂದು ಇದರ ಅರ್ಥವಲ್ಲ. ತೂಗುವ ತಕ್ಕಡಿಯಾದರೂ ಇರಲಿ ಎಂಬುದಷ್ಟೇ.

‘ಗುಲಾಬಿ ಟಾಕೀಸ್’ ಚಿತ್ರದ ಕಥೆಯನ್ನೇ ನೋಡಿ. ಕುಂದಾಪುರ ಸೀಮೆಯ ಬೆಸ್ತರ ನಡುವೆ ಬಾಳುವ ಸೂಲಗಿತ್ತಿಯೊಬ್ಬಳಿಗೆ ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ದೊರೆಯುವುದು ಒಂದು ಟಿ.ವಿ. ಪೆಟ್ಟಿಗೆ, ಅದನ್ನು ನೋಡಲು ಹೆಂಗಸರು ಅವಳ ಗುಡಿಸಲಿನಲ್ಲಿ ನೆರೆಯುತ್ತಾರೆ. ಆ ಪಾತ್ರಕ್ಕೆ ಪ್ರಶಸ್ತಿ ಪಡೆದ ಉಮಾಶ್ರೀಯವರು 2021ರಲ್ಲಿ ಪ್ರಸಾರ ಆರಂಭಿಸಿದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಪುಟ್ಟಕ್ಕನಾಗಿ ಅಂತಹುದೇ ಪೆಟ್ಟಿಗೆಯೊಳಗಿನಿಂದ ನಾಡಿನ ಮನೆಮನೆಗೂ ಬಂದರು.