ಉಪ್ಪಿನ ಋಣ ಮತ್ತು ಕೊಟ್ಟ ಮಾತು

ಮಾವಳ್ಳಿಯ ಮಗ್ಗುಲಿನ ಲಾಲ್‌ಬಾಗನ್ನು 1760ರಲ್ಲಿ ಆರಂಭಿಸಿದ ಹೈದರಲಿಯವರ ಸೈನ್ಯದಲ್ಲಿ ಫ್ರೆಂಚರೂ ಇದ್ದರು. 1783ರಲ್ಲಿ ಅವರ ಪುತ್ರ ಟಿಪ್ಪು ಸುಲ್ತಾನರು ಇಂಗ್ಲಿಷರ ವಶದಲ್ಲಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕೊಸಿನ್ಯಿ ಎಂಬವನ ಫ್ರೆಂಚ್ ದಳ ಜತೆಗಿತ್ತು. ಅಷ್ಟರಲ್ಲಿ ಯುರೋಪಿನಲ್ಲಿ ಫ್ರೆಂಚರಿಗೂ ಇಂಗ್ಲಿಷರಿಗೂ ಸಂಧಿಯಾದ ಸುದ್ದಿ ಬಂತು. ದಳ ಯುದ್ಧದಿಂದ ಹಿಂದೆ ಸರಿಯಿತು.

ಇವರನ್ನು ದ್ರೋಹಿಗಳೆನ್ನೋಣವೇ? ಬದ್ರ್ ಯುದ್ಧಕ್ಕೆ ಮುನ್ನ ಹುದೈಫ(ರ) ಮತ್ತು ಅವರ ತಂದೆ ಕುರೈಶರ ಕೈಗೆ ಸಿಕ್ಕಿ, ಪ್ರವಾದಿ(ಸ)ಯವರ ಜತೆಗೂಡಿ ಹೋರಾಡುವುದಿಲ್ಲವೆಂದು ಮಾತು ಕೊಟ್ಟು ಬಿಡುಗಡೆ ಹೊಂದಿದ್ದರು. ಜನಬಲ ತೀರಾ ಕಡಿಮೆಯಿದ್ದರೂ ಪ್ರವಾದಿ(ಸ)ಯವರು ಆ ಮಾತನ್ನು ಪಾಲಿಸಲು ಹೇಳಿದರು. ಶತ್ರುವಿಗೆ ಕೊಟ್ಟ ಮಾತಿಗೇ ಇಷ್ಟು ಬೆಲೆ!

ಕೊಸಿನ್ಯಿಯ ಸಿಪಾಯಿಗಳು ಮೊದಲು ಮಾತು ಕೊಟ್ಟದ್ದು ತಮ್ಮ ದೊರೆಗೆ. ಸಂಬಳಕ್ಕೆಂದೇ ಸುಲ್ತಾನರ ಬಳಿ ಬಂದವರಿಗೆ ಮಾತ್ರ ಈ ಸಮಾಧಾನ ಸಲ್ಲದು. ಕೋಟೆಯೇನೋ 1784ರ ಜನವರಿಯಲ್ಲಿ ಸುಲ್ತಾನರ ವಶವಾಯಿತು.