ಮನೆಯ ಸೌರವಿದ್ಯುತ್, ಬ್ಯಾಟರಿ ಮತ್ತು ನಿಗದಿತ ಶುಲ್ಕ



“ಸಾಲ ಮಾಡಿ ಸೌರಫಲಕ ಹಾಕಿಸಿದರೂ ಬಿಲ್ಲು ಏಕೆ ಸೊನ್ನೆಯಾಗಲಿಲ್ಲ?” ಎಂದು ಗ್ರಾಮಸಭೆಯಲ್ಲಿ ಯಾರಾದರೂ ಕೇಳಿದರೆ ಉತ್ತರ ಬಿಲ್ಲಿನಲ್ಲಿಯೇ ಇದೆ.

ಬಿಲ್ಲಿನಲ್ಲಿ ಎರಡು ಭಾಗಗಳಿವೆ: ಬಳಸಿದ ಯೂನಿಟ್‌ಗಳ ದರ ಮತ್ತು ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ. ಫಲಕಗಳು ಮೊದಲನೆಯದನ್ನು ಇಳಿಸುತ್ತವೆ. ಗರಿಷ್ಠ ಬೇಡಿಕೆಯು ಬಿಸಿಲಿಲ್ಲದ ವೇಳೆಯಲ್ಲಿ ಬಂದರೆ ಎರಡನೆಯದು ಹಾಗೆಯೇ ಉಳಿಯುತ್ತದೆ.

ಉದಾಹರಣೆ: ಮುಂಜಾನೆ 2,000 ವ್ಯಾಟ್ ಗೀಸರ್, 1 ಅಶ್ವಶಕ್ತಿಯ (746 ವ್ಯಾಟ್) ಪಂಪು ಮತ್ತು 500 ವ್ಯಾಟ್ ಮಿಕ್ಸರ್ ಒಟ್ಟಿಗೆ ನಡೆದರೆ ಬೇಡಿಕೆ ಸುಮಾರು 3,250 ವ್ಯಾಟ್.

1. ಪಂಪನ್ನು ಮಧ್ಯಾಹ್ನದ ಬಿಸಿಲಿನಲ್ಲಿ ನಡೆಸಿದರೆ ಮುಂಜಾನೆಯ ಬೇಡಿಕೆ 2,500 ವ್ಯಾಟ್‌ಗೆ ಇಳಿಯುತ್ತದೆ. ಇದಕ್ಕೆ ಖರ್ಚಿಲ್ಲ.

2. ಇನ್ನೂ 500 ವ್ಯಾಟ್ ಇಳಿಸಲು ಬ್ಯಾಟರಿ ಬೇಕು. ಎರಡು ಗಂಟೆಗೆ 1 ಯೂನಿಟ್ ಬೇಕಾಗುತ್ತದೆ. ಬ್ಯಾಟರಿಯ ಶೇ. 80ರಷ್ಟನ್ನೇ ಬಳಸಿ, ಇನ್ವರ್ಟರ್ ದಕ್ಷತೆಯನ್ನು ಶೇ. 90 ಎಂದು ಹಿಡಿದರೆ, ಅದರ ಸಾಮರ್ಥ್ಯ ಸುಮಾರು 1.4 ಯೂನಿಟ್ ಇರಬೇಕು. ಖರೀದಿಗೆ ಮುನ್ನ ಬೆಲೆಯನ್ನು ಶುಲ್ಕದ ಉಳಿತಾಯದೊಂದಿಗೆ ತೂಗಿ ನೋಡಬೇಕು.

3. ಶುಲ್ಕವು ತಾನಾಗಿಯೇ ಇಳಿಯದು. ಲೋಡ್ ಇಳಿಸಲು ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಸಲ್ಲಿಸಬೇಕು.

ಗೃಹಜ್ಯೋತಿಯ ಮಿತಿಯೊಳಗೆ ಶೂನ್ಯ ಬಿಲ್ಲು ಪಡೆಯುವ ಮನೆಗಳಿಗೆ ಈ ಲೆಕ್ಕ ಅನ್ವಯಿಸದು. ಉಳಿದವರಿಗೆ, ಸಾಲಕ್ಕೆ ಸಹಿ ಹಾಕುವ ಮುನ್ನವೇ ಇದನ್ನು ತಿಳಿಸಿಕೊಡಬೇಕೆಂದು ಕೋರಿದೆ.