ಚಲಿಸುವುದಕ್ಕೆ ಬಲ ಬೇಕೆ?



ನಾವು ಭೌತಶಾಸ್ತ್ರದ ಅಧ್ಯಾಪಕರಲ್ಲ, ಕನ್ನಡ ಕಲಿಸುವವರು. ಊರು ಬಿಟ್ಟು ದೆಹಲಿಯ ಪಶ್ಚಿಮ ಭಾಗದಲ್ಲಿರುವ ಜನಕಪುರಿಗೆ ಬಂದು ನೆಲೆಸಿದ ಮೇಲೆ, ಭಾನುವಾರದ ಬೆಳಗಿನಲ್ಲಿ ಇಲ್ಲಿಯ ಕನ್ನಡಿಗರ ಮಕ್ಕಳನ್ನು ಕೂಡಿಸಿಕೊಂಡು ಓದುಬರಹ ಹೇಳಿಕೊಡುತ್ತಿದ್ದೇವೆ. ವಾರವೆಲ್ಲ ಹಿಂದಿ ಇಂಗ್ಲಿಷುಗಳಲ್ಲಿ ಓದುವ ಈ ಮಕ್ಕಳಿಗೆ, ಕಥೆ ಪದ್ಯಗಳಿಗಷ್ಟೇ ಕನ್ನಡವೆಂಬ ಭಾವನೆ ಬರಬಾರದಷ್ಟೆ? ಆದುದರಿಂದ, ಮೆಟ್ರಿಕ್ಕಿನವರೆಗೆ ನಾವು ಕನ್ನಡದಲ್ಲಿಯೇ ಕಲಿತ ವಿಜ್ಞಾನದ ಪಾಠಗಳನ್ನೂ ಆಗಾಗ ಓದಿಸುವುದುಂಟು. ಹಾಗೆ ಓದಿಸುವಾಗ ನಡೆದ ಒಂದು ಸಂಗತಿಯನ್ನೂ ಅದರಿಂದ ಬೆಳೆದ ಪಾಠವನ್ನೂ ಈ ವಾರ್ಷಿಕ ಸಂಚಿಕೆಯ ಓದುಗರ ಮುಂದೆ ಇಡಬಯಸುತ್ತೇವೆ.

ಅಂದಿನ ಪಾಠ ನ್ಯೂಟನ್ನನ ಮೊದಲನೆಯ ನಿಯಮ. ಹೊರಗಿನಿಂದ ಬಲ ತಾಗದ ಹೊರತು ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ಜವದಿಂದ ನೇರವಾಗಿ ಚಲಿಸುತ್ತಲೇ ಇರುತ್ತದೆ ಎಂಬುದು ಅದರ ತಾತ್ಪರ್ಯ. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಓದುವುದನ್ನು ನಿಲ್ಲಿಸಿ, “ಮೇಷ್ಟ್ರೇ, ಇದರಲ್ಲಿ ಮೊದಲರ್ಧ ಸರಿ, ಎರಡನೆಯ ಅರ್ಧ ತಪ್ಪು. ನಾನು ಪೆಡಲು ತುಳಿಯುವುದನ್ನು ಬಿಟ್ಟರೆ ಸೈಕಲ್ಲು ನಿಂತುಹೋಗುತ್ತದೆ. ನಿಲ್ಲಿಸೆಂದು ಅದನ್ನು ಯಾರೂ ಹಿಡಿಯುವುದಿಲ್ಲವಲ್ಲ!” ಎಂದಳು.

“ಪುಸ್ತಕದಲ್ಲಿರುವುದು ಹಾಗೆ. ಪರೀಕ್ಷೆಯಲ್ಲಿಯೂ ಹಾಗೆಯೇ ಬರೆಯಬೇಕು” ಎಂದುಬಿಟ್ಟೆವು. ಅವಳು ತಲೆ ತಗ್ಗಿಸಿ ಬರೆದುಕೊಂಡಳು.

ಅದು ಗುರುವಾದವನು ಕೊಡತಕ್ಕ ಉತ್ತರವಲ್ಲ. ಇದೇ ನಿಯಮವನ್ನು ನಾವು ಬಾಲ್ಯದಲ್ಲಿ ಮಗ್ಗಿಯಂತೆ ಬಾಯಿಪಾಠ ಮಾಡಿ ಒಪ್ಪಿಸಿ ಅಂಕಗಳನ್ನು ಪಡೆದವರು; ಈ ಹುಡುಗಿ ಕೇಳಿದ ಪ್ರಶ್ನೆ ಒಮ್ಮೆಯಾದರೂ ನಮ್ಮ ಮನಸ್ಸಿಗೆ ಹೊಳೆದಿರಲಿಲ್ಲ. ವಾಸ್ತವವಾಗಿ ಅವಳು ದೊಡ್ಡವರ ಪಂಕ್ತಿಯಲ್ಲಿಯೇ ನಿಂತಿದ್ದಳು. ತಳ್ಳುವವರಿಲ್ಲದೆ ಬಂಡಿ ಸಾಗದು ಎಂಬುದು ಗ್ರೀಸಿನ ಅರಿಸ್ಟಾಟಲನ ಮತ. ಸುಮಾರು ಎರಡು ಸಾವಿರ ವರ್ಷಗಳ ಕಾಲ ಬಹುಮಂದಿ ವಿದ್ವಾಂಸರು ಅದನ್ನೇ ನಂಬಿದ್ದರು.

ಮುಂದಿನ ಭಾನುವಾರ ಮಕ್ಕಳ ಕೇರಂ ಹಲಗೆಯನ್ನು ಕೆಳಗಿಳಿಸಿದೆವು. ಬೆರಳಿನಿಂದ ಹೊಡೆದರೆ ಪ್ರತಿಸಲವೂ ಒಂದೇ ಬಿರುಸು ಬರುವುದಿಲ್ಲ. ಆದುದರಿಂದ ಒಂದು ಪಟ್ಟಿಯನ್ನು ಇಳಿಜಾರಾಗಿ ಒರಗಿಸಿ, ಅದರ ತುದಿಯಿಂದ ಸ್ಟ್ರೈಕರನ್ನು ಜಾರಬಿಟ್ಟೆವು. ಸಿಮೆಂಟಿನ ನೆಲದ ಮೇಲೆ ಅದು ಗೇಣುದ್ದ ಹೋಗಿ ನಿಂತಿತು. ಪುಡಿ ಹಾಕದ ಹಲಗೆಯ ಮೇಲೆ ಅರ್ಧಕ್ಕಿಂತ ಮುಂದೆ ಹೋಯಿತು. ಪುಡಿ ಉದುರಿಸಿದ ಮೇಲೆ ಆಚೆಯ ಅಂಚಿಗೆ ಬಡಿದು ಹಿಂದಕ್ಕೆ ಬಂದಿತು. ನಾವು ವಿವರಿಸಲು ಬಾಯಿ ತೆರೆಯುವ ಮೊದಲೇ ಆ ಬಾಲಿಕೆ, “ಪುಡಿಯೇನೂ ಅದನ್ನು ತಳ್ಳಲಿಲ್ಲ!” ಎಂದಳು.

ಹೌದು, ಪುಡಿ ತಳ್ಳಲಿಲ್ಲ. ಅಡ್ಡಿಯನ್ನು ಕಡಮೆ ಮಾಡಿತು, ಅಷ್ಟೆ. ಸೈಕಲ್ಲನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲವೆಂದು ಅವಳು ಹೇಳಿದ್ದಳಷ್ಟೆ? ಹಿಡಿಯುವವರು ಇದ್ದಾರೆ, ಆದರೆ ಕಣ್ಣಿಗೆ ಕಾಣುವುದಿಲ್ಲ: ಗಾಲಿಗೂ ರಸ್ತೆಗೂ ನಡುವಣ ತಿಕ್ಕಾಟ, ಅಚ್ಚಿನೊಳಗಿನ ಘರ್ಷಣೆ, ಎದುರಿನ ಗಾಳಿ. ಪೆಡಲು ತುಳಿಯುವ ಶ್ರಮವೆಲ್ಲ ಸಮನೆಲದಲ್ಲಿ ಈ ಅಡ್ಡಿಗಳನ್ನು ತೀರಿಸುವುದಕ್ಕೇ ವೆಚ್ಚವಾಗುತ್ತದೆ. ಅಡ್ಡಿಯನ್ನು ಕಡಮೆ ಮಾಡುತ್ತ ಹೋದಂತೆ ಓಟ ಉದ್ದವಾಗುತ್ತದೆ. ಅಡ್ಡಿಯೇ ಇಲ್ಲದಿದ್ದರೆ ಓಟಕ್ಕೆ ಕೊನೆಯೇ ಇಲ್ಲ. ಇಳಿಜಾರು ಹಲಗೆಗಳ ಮೇಲೆ ಗುಂಡುಗಳನ್ನು ಉರುಳಿಸಿ ಈ ಮಾರ್ಗದಲ್ಲಿ ಯೋಚಿಸಿದವನು ಗೆಲಿಲಿಯೋ. 1687ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದನ್ನು ನಿಯಮವಾಗಿ ನಿಲ್ಲಿಸಿದವನು ನ್ಯೂಟನ್.

“ಅಡ್ಡಿಯೇ ಇಲ್ಲದ ಜಾಗ ಎಲ್ಲಿಯಾದರೂ ಇದೆಯೆ?” ಎಂದು ಮರುಪ್ರಶ್ನೆ ಬಂದಿತು. ಈ ಸಲ ನಮ್ಮಲ್ಲಿ ಉತ್ತರ ಸಿದ್ಧವಾಗಿತ್ತು. 2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಹಾರಿದ ಮಂಗಳಯಾನವನ್ನು ನೆನೆಯಿರಿ. ಡಿಸೆಂಬರ್ 1ರಂದು ಅದರ 440 ನ್ಯೂಟನ್ ಬಲದ ಯಂತ್ರವು ಅರ್ಧ ಗಂಟೆಗೂ ಕಡಮೆ ಕಾಲ ಉರಿದು, ನೌಕೆಯನ್ನು ಭೂಮಿಯ ಸುತ್ತಿನಿಂದ ಬಿಡಿಸಿತು. 440 ನ್ಯೂಟನ್ ಎಂದರೆ ಸುಮಾರು 45 ಕಿಲೋಗ್ರಾಂ ತೂಕದ ಮೂಟೆಯನ್ನು ಎತ್ತಿ ಹಿಡಿಯುವಷ್ಟು ಬಲ, ಅಷ್ಟೆ! ಆಮೇಲೆ 2014ರ ಸೆಪ್ಟೆಂಬರ್ 24ರಂದು ಮಂಗಳವನ್ನು ಮುಟ್ಟುವವರೆಗೆ, ದಾರಿ ತಿದ್ದುವ ಚಿಕ್ಕಪುಟ್ಟ ನೂಕುಗಳನ್ನು ಬಿಟ್ಟರೆ, ಅದು ಯಂತ್ರವಾರಿಸಿಕೊಂಡೇ ಸಾಗಿತು. ಸೂರ್ಯನ ಆಕರ್ಷಣೆ ಅದರ ದಾರಿಯನ್ನು ಬಾಗಿಸುತ್ತಿತ್ತು; ಆದರೆ ಸಾಗಿಸುವುದಕ್ಕೆಂದು ಹಿಂದಿನಿಂದ ನೂಕುವವರು ಬೇಕಾಗಿರಲಿಲ್ಲ. ಬೆಂಗಳೂರಿನ ಬಳಿ ಬ್ಯಾಲಾಳಿನಲ್ಲಿರುವ ದೊಡ್ಡ ಆಂಟೆನಾಗಳು ಈ ಮೌನಪ್ರಯಾಣದ ಸುದ್ದಿಯನ್ನು ಆಲಿಸುತ್ತಿದ್ದುವು ಎಂದಾಗ ಮಕ್ಕಳಿಗಾದ ಹಿಗ್ಗು ಅಷ್ಟಿಷ್ಟಲ್ಲ.

ಇನ್ನು ಬಲದ ಕೆಲಸವೇನು? ಅದನ್ನು ಕಣ್ಣಾರೆ ತೋರಿಸಬೇಕೆಂದು ಮಕ್ಕಳನ್ನು ಕರೆದುಕೊಂಡು ಜನಕಪುರಿ ಪಶ್ಚಿಮ ನಿಲ್ದಾಣದಿಂದ ಮೆಟ್ರೋ ರೈಲು ಹತ್ತಿದೆವು. 2018ರ ಮೇ ತಿಂಗಳಲ್ಲಿ ಇಲ್ಲಿಯವರೆಗೆ ಬಂದ ಮೆಜೆಂತಾ ಮಾರ್ಗವದು. 2020ರ ಡಿಸೆಂಬರಿನಲ್ಲಿ ದೇಶದ ಮೊದಲ ಚಾಲಕರಹಿತ ರೈಲು ಓಡಿದ್ದೂ ಇದೇ ಮಾರ್ಗದಲ್ಲಿ. ಜನಕಪುರಿಯಿಂದ ಸ್ವಲ್ಪ ದೂರದಲ್ಲಿಯೇ ದಶರಥಪುರಿ. ಬೀಗರಿಬ್ಬರನ್ನು ದೆಹಲಿಯವರು ಚೆನ್ನಾಗಿಯೇ ನೆರೆಹೊರೆ ಮಾಡಿದ್ದಾರೆ!

ಅದಿರಲಿ. ಮೊಳದುದ್ದದ ದಾರದ ತುದಿಗೆ ಮನೆಯ ಬೀಗದ ಕೈಯನ್ನು ಕಟ್ಟಿ ತೂಗುಬಿಟ್ಟು ಹಿಡಿದುಕೊಂಡೆವು. ರೈಲು ಹೊರಟೊಡನೆ ಬೀಗದ ಕೈ ಎರಡು ಬೆರಳಿನಷ್ಟು ಹಿಂದಕ್ಕೆ ವಾಲಿತು. ರೈಲು ಭರದಿಂದ, ಆದರೆ ಒಂದೇ ಸಮನೆ ಓಡುತ್ತಿದ್ದಾಗ, ಮನೆಯ ಗೋಡೆಯ ಮೊಳೆಗೆ ತೂಗುಹಾಕಿದಂತೆ ನೆಟ್ಟಗೆ ನಿಂತಿತು. ನಿಲ್ದಾಣ ಸಮೀಪಿಸಿ ಬ್ರೇಕು ಬಿದ್ದಾಗ ಮುಂದಕ್ಕೆ ವಾಲಿತು. ತಿರುವಿನಲ್ಲಿ ಪಕ್ಕಕ್ಕೆ ಸರಿಯಿತು. ಇಲ್ಲೊಂದು ಮಾತು: ನಮ್ಮ ಪಠ್ಯಪುಸ್ತಕಗಳು ಜವ ಎಂದೂ ವೇಗ ಎಂದೂ ಎರಡು ಶಬ್ದಗಳನ್ನು ಬಳಸುವುದು ಆಡಂಬರಕ್ಕಲ್ಲ. ಜವಕ್ಕೆ ದಿಕ್ಕಿಲ್ಲ, ವೇಗಕ್ಕೆ ದಿಕ್ಕುಂಟು. ತಿರುವಿನಲ್ಲಿ ಜವ ಬದಲಾಗದಿದ್ದರೂ ದಿಕ್ಕು ಬದಲಾದ್ದರಿಂದ ವೇಗ ಬದಲಾಯಿತು. ಬೀಗದ ಕೈ ಅದನ್ನು ಹೇಳಿತು. ವೇಗದ ಈ ಬದಲಾವಣೆಯ ದರಕ್ಕೇ ವೇಗೋತ್ಕರ್ಷವೆಂದು ಹೆಸರು. ಬಲದ ಕೆಲಸ ಚಲನೆಯನ್ನು ಸಾಕುವುದಲ್ಲ, ಬದಲಾಯಿಸುವುದು.

ಹಿಂದಿರುಗುವಾಗ, ಸುರಂಗದ ನಿಲ್ದಾಣದಿಂದ ಮೇಲಣ ಮಾರ್ಗಕ್ಕೆ ಕೊಂಡೊಯ್ಯುವ ಎಸ್ಕಲೇಟರನ್ನು ಏರಿದೆವು. ಸುಮಾರು 15.6 ಮೀಟರು ಎತ್ತರಕ್ಕೇರುವ ಅದು, ತೆರೆದ ಕಾಲದಲ್ಲಿ ದೇಶದಲ್ಲೆಲ್ಲ ಅತಿ ಎತ್ತರದ್ದೆನಿಸಿತ್ತು. ಅಲ್ಲಿಯೂ ಬೀಗದ ಕೈ ನೆಟ್ಟಗೇ ನಿಂತಿತು. ಭೂಮಿ ನಮ್ಮನ್ನು ಕೆಳಕ್ಕೆ ಎಳೆಯುವಷ್ಟೇ ಬಲದಿಂದ ಮೆಟ್ಟಿಲು ಮೇಲಕ್ಕೆ ಒತ್ತುತ್ತದೆ. ಎರಡೂ ಸರಿಹೋಗಿ ಉಳಿಯುವುದು ಸೊನ್ನೆ. ಮೇಲಕ್ಕೆ ಹೋಗುತ್ತಿರುವವನ ಮೇಲೆ ಒಟ್ಟು ಬಲ ಸೊನ್ನೆ ಎಂಬುದು ಕೆಲವು ಮಕ್ಕಳಿಗೆ ಅಂದು ಒಪ್ಪಿಗೆಯಾಗಲಿಲ್ಲ. ಅವಸರವೇನೂ ಇಲ್ಲ.

ಆದರೆ ಬ್ರೇಕು ಬಿದ್ದಾಗ ಬೀಗದ ಕೈ ಮುಂದಕ್ಕೆ ವಾಲಿದ್ದನ್ನು ಒಬ್ಬ ಹುಡುಗ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದ. ಅವನ ವಿಷಯವನ್ನು ಇಲ್ಲಿ ಹೇಳಬೇಕು. ಮೂರು ತಿಂಗಳ ಹಿಂದೆ ಅವನು, ಇ-ರಿಕ್ಷಾ ನಿಲ್ಲುವ ಮೊದಲೇ ಕೆಳಗಿಳಿಯಲು ಹೋಗಿ ಮುಂದಕ್ಕೆ ಮುಗ್ಗರಿಸಿ ಮೊಣಕೈ ಮುರಿದುಕೊಂಡಿದ್ದ. ಹಿಂದೆ ಕುಳಿತಿದ್ದ ಗೆಳೆಯನೇ ತಳ್ಳಿದನೆಂದು ಅವನ ದೂರು. ತಳ್ಳಿದ್ದು ತನ್ನ ಬೆನ್ನಿಗೇ ತಿಳಿಯಿತೆಂದು ಆಣೆಯಿಟ್ಟು ಹೇಳಿದ್ದ. ಅಂದಿನಿಂದ ಇಬ್ಬರೂ ತರಗತಿಯಲ್ಲಿ ಕೋಣೆಯ ಎರಡು ಮೂಲೆಗಳಲ್ಲಿ ಕುಳಿತುಕೊಳ್ಳುತ್ತಿದ್ದರು. ಮನೆಯವರಲ್ಲಿಯೂ ಮಾತು ನಿಂತಿತ್ತು.

“ಮೇಷ್ಟ್ರೇ, ಬೀಗದ ಕೈಯನ್ನು ಈಗ ಯಾರು ತಳ್ಳಿದರು?” ಎಂದು ಅವನು ಕೇಳಿದ.

ಯಾರೂ ತಳ್ಳಲಿಲ್ಲ. ರೈಲಿನ ವೇಗ ಕುಗ್ಗಿತು. ಬೀಗದ ಕೈ ತನ್ನ ವೇಗವನ್ನು ಬಿಡಲೊಲ್ಲದೆ ಮುಂದುವರಿಯಿತು. ಇದಕ್ಕೆ ಜಡತ್ವವೆಂದು ಹೆಸರು. ಓಡುವ ರಿಕ್ಷಾದಿಂದ ಇಳಿದವನ ಪಾದವನ್ನು ನೆಲ ಹಿಡಿದು ನಿಲ್ಲಿಸುತ್ತದೆ, ಮೇಲಣ ದೇಹ ರಿಕ್ಷಾದ ವೇಗದಿಂದಲೇ ಮುಂದೆ ಹೋಗುತ್ತದೆ. ಗೆಳೆಯನು ತಳ್ಳಲಿಲ್ಲವೆಂದು ವಿಜ್ಞಾನ ಸಾಕ್ಷಿ ನುಡಿಯಲಾರದು. ಬೀಳುವುದಕ್ಕೆ ತಳ್ಳುವವನೇ ಬೇಕಾಗಿಲ್ಲ ಎಂದಷ್ಟೆ ಹೇಳಬಲ್ಲುದು. ನಾವು ಅವನಿಗೆ ಹೇಳಿದ್ದೂ ಅಷ್ಟನ್ನೇ.

ಮರುವಾರ ಲೆಕ್ಕ ಮಾಡಿದೆವು. ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬಲ ದೊರೆಯುವುದೆಂಬುದು ನ್ಯೂಟನ್ನನ ಎರಡನೆಯ ನಿಯಮದಿಂದ ಬರುವ ಸೂತ್ರ. ಗಂಟೆಗೆ 72 ಕಿಲೋಮೀಟರ್, ಎಂದರೆ ಸೆಕೆಂಡಿಗೆ 20 ಮೀಟರ್ ವೇಗದ ರೈಲು 20 ಸೆಕೆಂಡುಗಳಲ್ಲಿ ನಿಂತಿತೆಂದು ಇಟ್ಟುಕೊಳ್ಳೋಣ. ಪ್ರತಿ ಸೆಕೆಂಡಿಗೂ ವೇಗ 1 ಮೀಟರಿನಷ್ಟು ಕುಗ್ಗಿತು. 40 ಕಿಲೋಗ್ರಾಮಿನ ಬಾಲಕನನ್ನು ನಿಲ್ಲಿಸಲು 40 ನ್ಯೂಟನ್ ಸಾಕು. ಕಂಬವನ್ನು ಹಿಡಿದ ಒಂದು ಕೈ ಅದನ್ನು ತಡೆದುಕೊಳ್ಳುತ್ತದೆ. ಇ-ರಿಕ್ಷಾದ್ದು ಗಂಟೆಗೆ 18 ಕಿಲೋಮೀಟರ್, ಸೆಕೆಂಡಿಗೆ 5 ಮೀಟರ್ ಮಾತ್ರ. ಆದರೆ ಬಿದ್ದ ದೇಹವನ್ನು ನೆಲವು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಲ್ಲಿಸಿತೆಂದರೆ?

ಮೊಣಕೈ ಮುರಿದುಕೊಂಡಿದ್ದ ಹುಡುಗನೇ ಕರಿಹಲಗೆಯ ಬಳಿಗೆ ಬಂದು ಲೆಕ್ಕ ಹಾಕಿದ. 5ನ್ನು ಹತ್ತನೆಯ ಒಂದರಿಂದ ಭಾಗಿಸಿದರೆ 50. ಅದನ್ನು 40ರಿಂದ ಗುಣಿಸಿ 200 ನ್ಯೂಟನ್ ಎಂದು ಬರೆದ.

“ಒಂದು ಸೊನ್ನೆ ಬಿಟ್ಟೆಯಲ್ಲೋ. 2000” ಎಂದು ಆಚೆಯ ಮೂಲೆಯಿಂದ ಧ್ವನಿ ಬಂದಿತು. ಹುಡುಗ ಹಿಂದಿರುಗಿ ನೋಡಿ, ಸೀಮೆಸುಣ್ಣವನ್ನು ಆ ಗೆಳೆಯನ ಕಡೆಗೆ ಚಾಚಿದ.